ಸ್ಮಾರ್ಟ್ ಕ್ಲಾಸಿನಲ್ಲಿ ಮಕ್ಕಳು ನೋಡುತ್ತಾರೆ, ಆದರೆ ಯೋಚಿಸುವಂತೆ ಮಾಡುವುದು ಹೇಗೆ?

ಪ್ರಶ್ನೆ: ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ತುಮಕೂರು ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಹಳೆಯ ವಿದ್ಯಾರ್ಥಿಗಳ ನೆರವಿನಿಂದ ಈ ವರ್ಷ ನಮ್ಮ ಶಾಲೆಗೆ ಒಂದು ಪ್ರೊಜೆಕ್ಟರ್, ಒಂದು ಲ್ಯಾಪ್‌ಟಾಪ್ ಮತ್ತು ಯುಪಿಎಸ್ ದೊರೆತಿವೆ. ಹತ್ತನೇ ತರಗತಿಯಲ್ಲಿ 42 ಮಕ್ಕಳಿದ್ದಾರೆ. ವಿದ್ಯುಚ್ಛಕ್ತಿ ಅಧ್ಯಾಯವನ್ನು ಕಲಿಸುವಾಗ, ಪಠ್ಯಪುಸ್ತಕದ ಕ್ಯೂಆರ್ ಕೋಡ್ ಹಿಡಿದು ಸರ್ಕಾರದ ಆನ್‌ಲೈನ್ ಕಲಿಕಾ ತಾಣ ದೀಕ್ಷಾದಲ್ಲಿ ಸಿಕ್ಕ ವಿಡಿಯೋಗಳನ್ನೂ ಬೇರೆಡೆ ಸಿಕ್ಕ ಅನಿಮೇಷನ್‌ಗಳನ್ನೂ ಎರಡು ವಾರ ತೋರಿಸಿದೆ. ಮಕ್ಕಳು ತದೇಕಚಿತ್ತರಾಗಿ ನೋಡಿದರು. ಗಲಾಟೆಯಿಲ್ಲ, ಗೈರುಹಾಜರಿ ಕೂಡ ಕಡಿಮೆಯಾಯಿತು.

ಆದರೆ ಕಿರುಪರೀಕ್ಷೆಯಲ್ಲಿ, ಸರಣಿಯಲ್ಲಿ (ಒಂದರ ನಂತರ ಒಂದರಂತೆ) ಜೋಡಿಸಿದ ಒಂದೇ ಬಗೆಯ ಎರಡು ಬಲ್ಬ್‌ಗಳಲ್ಲಿ ಯಾವುದು ಹೆಚ್ಚು ಬೆಳಗುತ್ತದೆ ಎಂದು ಕೇಳಿದಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳು ಮೊದಲನೆಯದು ಎಂದು ಬರೆದಿದ್ದರು. ಎರಡೂ ಸಮನಾಗಿ ಬೆಳಗುತ್ತವೆ ಎಂಬುದು ಸರಿಯುತ್ತರ. ಒಬ್ಬ ಹುಡುಗನನ್ನು ಹತ್ತಿರ ಕರೆದು ಕಾರಣ ಕೇಳಿದೆ. "ಮೊದಲನೇ ಬಲ್ಬೇ ಕರೆಂಟ್ ತಿಂದುಬಿಡುತ್ತಲ್ಲ ಮಿಸ್, ಎರಡನೇದಕ್ಕೆ ಉಳಿದಿದ್ದಷ್ಟೇ" ಎಂದ. ಇದಕ್ಕೆ ಉತ್ತರವಾಗುವ ಅನಿಮೇಷನ್ ಅನ್ನು ಅವನು ಎರಡು ಸಲ ನೋಡಿದ್ದ. ಪರದೆಯ ಮುಂದೆ ಮೌನವಾಗಿ ಕುಳಿತ ಮಕ್ಕಳು ಪಾಠದಲ್ಲಿ ತೊಡಗಿದ್ದಾರೆಂದು ನಾನು ನಂಬಿದ್ದೆ. ಆ ನಂಬಿಕೆ ಅಂದು ಕುಸಿಯಿತು. ಈ ಸಲಕರಣೆಗಳನ್ನು ನೀವು ಹೇಗೆ ಬಳಸುತ್ತಿದ್ದೀರಿ, ದಯವಿಟ್ಟು ತಿಳಿಸಿ.

ಉತ್ತರ 1: ಗಣಿತ ಶಿಕ್ಷಕ, ಧಾರವಾಡ

ಮೇಡಂ, ಆ ಹುಡುಗನ ಮಾತನ್ನು ನೀವು ಕೇಳಿಸಿಕೊಂಡಿರಿ ಎಂಬುದೇ ದೊಡ್ಡದು. ವಿಡಿಯೋ ತೋರಿಸುವುದಕ್ಕಿಂತ ಮೊದಲೇ ಅದನ್ನು ಹೊರತೆಗೆಯಬೇಕಿತ್ತು, ಅಷ್ಟೇ. ಮಗು ತನ್ನ ಊಹೆಯನ್ನು ಬಾಯಿಬಿಟ್ಟು ಹೇಳದಿದ್ದರೆ ಅನಿಮೇಷನ್ ಆ ಊಹೆಯನ್ನು ಮುಟ್ಟುವುದಿಲ್ಲ. ಎರಡೂ ಅಕ್ಕಪಕ್ಕದಲ್ಲಿ ಹಾಯಾಗಿ ಉಳಿದುಬಿಡುತ್ತವೆ.

ನಾನು ಒಂಬತ್ತನೇ ತರಗತಿಯ ವೃತ್ತಗಳ ಪಾಠಕ್ಕೆ, ಪರದೆಯ ಮೇಲೆ ಆಕೃತಿಗಳನ್ನು ಎಳೆದು ಬದಲಿಸಬಹುದಾದ ಜಿಯೋಜೀಬ್ರಾ ತಂತ್ರಾಂಶವನ್ನು ಬಳಸುತ್ತೇನೆ. ಆದರೆ ಮೊದಲ ಇಪ್ಪತ್ತು ನಿಮಿಷ ಪ್ರೊಜೆಕ್ಟರ್ ಮುಟ್ಟುವುದಿಲ್ಲ. ಪ್ರತಿಯೊಬ್ಬರೂ ತಮಗೆ ಬೇಕಾದ ಅಳತೆಯ ವೃತ್ತ ಎಳೆದು, ಒಂದು ಕಂಸವು (ಪರಿಧಿಯ ಒಂದು ತುಂಡು) ಕೇಂದ್ರದಲ್ಲಿಯೂ ಪರಿಧಿಯಲ್ಲಿಯೂ ಉಂಟುಮಾಡುವ ಕೋನಗಳನ್ನು ಕೋನಮಾಪಕದಿಂದ ಅಳೆಯಬೇಕು. ಒಬ್ಬಳಿಗೆ 117 ಮತ್ತು 58 ಬರುತ್ತದೆ, ಇನ್ನೊಬ್ಬನಿಗೆ 90 ಮತ್ತು 46. ಎಲ್ಲವನ್ನೂ ಹಲಗೆಯ ಮೇಲೆ ಬರೆದಾಗ, ಸರಿಸುಮಾರು ಎರಡರಷ್ಟು ಎಂಬುದನ್ನು ಯಾರಾದರೊಬ್ಬರು ಗಮನಿಸಿಯೇ ತೀರುತ್ತಾರೆ. ಆಮೇಲೆ ಪರದೆಯ ಮೇಲೆ ಪರಿಧಿಯ ಬಿಂದುವನ್ನು ಎಳೆಯಲು ಒಂದು ಮಗುವನ್ನೇ ಕರೆಯುತ್ತೇನೆ. ಕೇಂದ್ರದಲ್ಲಿ 120 ಡಿಗ್ರಿ ಇದ್ದರೆ ಪರಿಧಿಯಲ್ಲಿ 60 ಕದಲದೆ ನಿಂತಿರುತ್ತದೆ. ಒಮ್ಮೆ ಹುಡುಗಿಯೊಬ್ಬಳು ಬಿಂದುವನ್ನು ಎಳೆಯುತ್ತ ಎಳೆಯುತ್ತ ಲಘು ಕಂಸದ (ಚಿಕ್ಕ ಕಂಸದ) ಮೇಲೆಯೇ ತಂದುಬಿಟ್ಟಳು. 60 ಇದ್ದದ್ದು ಥಟ್ಟನೆ 120 ಆಯಿತು! ಇಡೀ ತರಗತಿ ಎದ್ದು ನಿಂತಿತು. ಅದು ಕೇಂದ್ರದ ಇನ್ನೊಂದು ಬದಿಯ 240 ಡಿಗ್ರಿಯ ಸರಳಾಧಿಕ ಕೋನದ (180 ಡಿಗ್ರಿಗಿಂತ ದೊಡ್ಡ ಕೋನದ) ಅರ್ಧ ಎಂದು ಅವರೇ ಕಂಡುಕೊಳ್ಳಲು ಮತ್ತೊಂದು ಅವಧಿ ಹಿಡಿಯಿತು. ಆ ಅವಧಿ ವ್ಯರ್ಥವಾಯಿತೆಂದು ನನಗೆ ಅನ್ನಿಸಿಲ್ಲ.

ನಿಮ್ಮ ಅಧ್ಯಾಯಕ್ಕೆ ಕೊಲರಾಡೋ ವಿಶ್ವವಿದ್ಯಾಲಯದವರ ಫೆಟ್ ಸಿಮ್ಯುಲೇಷನ್‌ಗಳಿವೆ, ಅಂದರೆ ಕಂಪ್ಯೂಟರಿನಲ್ಲಿ ಮಾಡಿ ನೋಡುವ ಅಣಕು ಪ್ರಯೋಗಗಳು. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ ಯೋಜನೆ ಅದು. ಉಚಿತ, ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ವಿದ್ಯುತ್ ಮಂಡಲವನ್ನು ಮಕ್ಕಳೇ ಜೋಡಿಸಿ, ಬಲ್ಬಿನ ಎರಡೂ ಕಡೆ ಅಮ್ಮೀಟರ್ (ವಿದ್ಯುತ್ ಪ್ರವಾಹ ಅಳೆಯುವ ಸಾಧನ) ಇಟ್ಟು ನೋಡಬಹುದು.

ಉತ್ತರ 2: ವಿಜ್ಞಾನ ಶಿಕ್ಷಕಿ, ಶಿವಮೊಗ್ಗ

ಮೇಲಿನ ಸರ್ ಹೇಳಿದ ಊಹೆಯ ಹಂತದಲ್ಲಿ ಒಂದು ತೊಡಕಿದೆ: ಕೈ ಎತ್ತುವವರು ಯಾವಾಗಲೂ ಅದೇ ಐದಾರು ಮಕ್ಕಳು. ನಾನು ಪ್ಲಿಕರ್ಸ್ ಎಂಬ ಮೊಬೈಲ್ ಆ್ಯಪ್ ಬಳಸುತ್ತೇನೆ. ಪ್ರತಿ ಮಗುವಿಗೂ ಒಂದು ಮುದ್ರಿತ ಕಾರ್ಡು. ಅದನ್ನು ಯಾವ ಬದಿ ಮೇಲಾಗಿ ಹಿಡಿಯುತ್ತಾರೋ ಅದೇ ಅವರ ಆಯ್ಕೆ. ಶಿಕ್ಷಕರ ಒಂದೇ ಮೊಬೈಲಿನ ಕ್ಯಾಮೆರಾ ಎಲ್ಲರ ಉತ್ತರವನ್ನೂ ಓದಿಕೊಳ್ಳುತ್ತದೆ. ಪಕ್ಕದವರು ಏನು ಆರಿಸಿದರೆಂದು ಸುಲಭವಾಗಿ ತಿಳಿಯದ ಕಾರಣ ಸಂಕೋಚದ ಮಕ್ಕಳೂ ಉತ್ತರಿಸುತ್ತಾರೆ.

ಉತ್ತರಗಳು ಇಬ್ಭಾಗವಾದರೆ ಸರಿಯುತ್ತರ ಹೇಳಬೇಡಿ. ಪಕ್ಕದವರನ್ನು ಒಪ್ಪಿಸಲು ಮೂರು ನಿಮಿಷ ಕೊಟ್ಟು ಮತ್ತೆ ಕಾರ್ಡು ಎತ್ತಿಸಿ. ಹಾರ್ವರ್ಡ್‌ನ ಎರಿಕ್ ಮಜೂರ್ 1990ರ ದಶಕದಲ್ಲಿ ತಮ್ಮ ಭೌತವಿಜ್ಞಾನದ ತರಗತಿಗಳಲ್ಲಿ ಬೆಳೆಸಿದ ಕ್ರಮವಿದು. ಆ ಮೂರು ನಿಮಿಷದ ಗದ್ದಲವನ್ನು ಮುಖ್ಯ ಶಿಕ್ಷಕರಿಗೆ ಮೊದಲೇ ವಿವರಿಸಿ ಇಟ್ಟುಕೊಳ್ಳುವುದು ಒಳ್ಳೆಯದು.

ಉತ್ತರ 3: ನಿವೃತ್ತ ಶಿಕ್ಷಕ, ಚಾಮರಾಜನಗರ

2004ರಲ್ಲಿ ಇಸ್ರೋ ಎಜುಸ್ಯಾಟ್ ಉಪಗ್ರಹ ಹಾರಿಸಿದ ಮೇಲೆ ನಮ್ಮ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರ ಮೂಲಕ ಪಾಠಗಳು ಬರುತ್ತಿದ್ದವು. ಟಿವಿಯ ಮುಂದೆ ಮಕ್ಕಳು ಹೀಗೆಯೇ ಮೈಮರೆತು ಕೂರುತ್ತಿದ್ದರು. ಪಾಠಕ್ಕೆ ಮುಂಚೆ ಹತ್ತು ನಿಮಿಷ, ಆಮೇಲೆ ಹತ್ತು ನಿಮಿಷ ನಾವೇ ಮಾತನಾಡಿಸಿದ ದಿನಗಳಲ್ಲಿ ಮಾತ್ರ ಅದರ ಫಲ ಕಾಣುತ್ತಿತ್ತು. ಸಲಕರಣೆ ಬದಲಾಗಿದೆ ತಾಯಿ, ಈ ಹತ್ತು ನಿಮಿಷಗಳ ಕೆಲಸ ಬದಲಾಗಿಲ್ಲ.

ಇನ್ನೊಂದು ಮಾತು. ಇಷ್ಟವಾಯಿತೆಂದು ಇವುಗಳನ್ನೆಲ್ಲ ಮನೆಗೆಲಸವಾಗಿ ಮೊಬೈಲಿಗೆ ಕಳಿಸಬೇಡಿ. 2020ರಲ್ಲಿ ಶಾಲೆ ಮುಚ್ಚಿದ್ದಾಗ ನನ್ನ ಮೊಮ್ಮಗಳ ಗೆಳತಿಯ ಮನೆಯಲ್ಲಿದ್ದ ಒಂದೇ ಫೋನು ತಂದೆಯೊಂದಿಗೆ ಕೆಲಸಕ್ಕೆ ಹೋಗಿ ರಾತ್ರಿ ಬರುತ್ತಿತ್ತು; ಬಂದ ಮೇಲೆ ಅಣ್ಣನ ಸರದಿ ಮೊದಲು. ಅವಳಿಗೆ ಸಿಗುವ ಹೊತ್ತಿಗೆ ಚಾರ್ಜ್ ಮುಗಿದಿರುತ್ತಿತ್ತು. ತಂತ್ರಜ್ಞಾನ ತರಗತಿಯೊಳಗೆ ಇದ್ದರೆ ಅದು ಎಲ್ಲರದ್ದೂ ಆಗುತ್ತದೆ.

ಪ್ರಶ್ನೆ ಕೇಳಿದವರಿಂದ, ಹತ್ತು ದಿನಗಳ ನಂತರ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಕಾರ್ಡುಗಳನ್ನು ಇನ್ನೂ ಮುದ್ರಿಸಿಲ್ಲವಾದ್ದರಿಂದ ಊಹೆಯನ್ನು ಚೀಟಿಯಲ್ಲಿ ಬರೆಸಿದೆ. 27 ಮಕ್ಕಳು ಮೊದಲ ಬಲ್ಬ್ ಎಂದಿದ್ದರು. ಅದೇ ಹುಡುಗನನ್ನು ಲ್ಯಾಪ್‌ಟಾಪ್ ಬಳಿ ಕೂರಿಸಿ, ಫೆಟ್‌ನಲ್ಲಿ 9 ವೋಲ್ಟಿನ ಬ್ಯಾಟರಿಗೆ 10 ಓಮ್‌ನ ಎರಡು ಬಲ್ಬ್‌ಗಳನ್ನು ಸರಣಿಯಲ್ಲಿ ಜೋಡಿಸಲು ಹೇಳಿದೆ. ಅಮ್ಮೀಟರ್ ಮೊದಲ ಬಲ್ಬಿಗೆ ಮುಂಚೆ 0.45 ಆಂಪಿಯರ್ ತೋರಿಸಿತು, ನಡುವೆ 0.45, ಕೊನೆಯಲ್ಲೂ 0.45. ಅವನು ತಂತಿಯನ್ನು ಬಿಚ್ಚಿ ಮತ್ತೆ ಜೋಡಿಸಿ ನೋಡಿದ.

ಪರದೆಯನ್ನಷ್ಟೇ ನಂಬುವುದು ಬೇಡವೆಂದು ಟಾರ್ಚ್ ಬಲ್ಬ್ ಮತ್ತು ಶೆಲ್‌ಗಳನ್ನೂ ತಂದಿದ್ದೆ. ಒಂದು ಗುಂಪಿನಲ್ಲಿ ಎರಡನೇ ಬಲ್ಬ್ ನಿಜವಾಗಿಯೂ ಮಂಕಾಗಿ ಉರಿಯಿತು! ನಾನು ಗಾಬರಿಯಾದೆ. ಅಷ್ಟರಲ್ಲಿ ಹಿಂದಿನ ಬೆಂಚಿನ, ಎಂದೂ ಮಾತನಾಡದ ಹುಡುಗಿಯೊಬ್ಬಳು, ಎರಡೂ ಬಲ್ಬ್‌ಗಳನ್ನು ಅದಲುಬದಲು ಮಾಡಿ ನೋಡೋಣ ಎಂದಳು. ಮಂಕು ಬಲ್ಬ್ ಮೊದಲ ಜಾಗಕ್ಕೆ ಬಂದರೂ ಮಂಕಾಗಿಯೇ ಇತ್ತು. ವ್ಯತ್ಯಾಸ ಜಾಗದ್ದಲ್ಲ, ಬಲ್ಬಿನದ್ದು ಎಂದು ಅವಳೇ ಉಳಿದವರಿಗೆ ವಿವರಿಸಿದಳು.

ಗಂಟೆ ಹೊಡೆದ ಮೇಲೆ ಆ ಹುಡುಗ ಸಿಬ್ಬಂದಿ ಕೊಠಡಿಯವರೆಗೂ ಹಿಂಬಾಲಿಸಿ ಬಂದ. "ಕರೆಂಟ್ ಖರ್ಚಾಗಲ್ಲ ಅಂದ್ರೆ ನಮ್ಮನೆ ಮೀಟರ್ ಓಡೋದು ಯಾಕೆ ಮಿಸ್?" ಎಂದು ಕೇಳಿದ. ನಾನು ಉತ್ತರ ಹೇಳಲಿಲ್ಲ. ಸೋಮವಾರ ಎಲ್ಲರೂ ಮನೆಯ ವಿದ್ಯುತ್ ಬಿಲ್ಲು ತರಬೇಕೆಂದು ಹೇಳಿದ್ದೇನೆ. ಗೃಹಜ್ಯೋತಿಯಿಂದ ಮೊತ್ತ ಸೊನ್ನೆಯಾಗಿದ್ದರೂ ಬಳಸಿದ ಯೂನಿಟ್ ಅದರಲ್ಲಿ ನಮೂದಾಗಿರುತ್ತದೆ. ಶಕ್ತಿ ಮತ್ತು ವಿದ್ಯುತ್ ಪ್ರವಾಹದ ವ್ಯತ್ಯಾಸವನ್ನು ಅಲ್ಲಿಂದ ಆರಂಭಿಸಬೇಕೆಂದಿದ್ದೇನೆ. ಇದಕ್ಕೆ ಯಾರಾದರೂ ಸಿಮ್ಯುಲೇಷನ್ ಬಳಸಿದ್ದರೆ ಭಾನುವಾರದೊಳಗೆ ತಿಳಿಸಿ.