ಅಪ್ಪನಿಗೆ ಕ್ರಿಯಾಟಿನಿನ್ 1.9 ಬಂದಿದೆ, ಎಲ್ಲರೂ ಎಳನೀರು ಕೊಡು ಅಂತಾರೆ. ಕೊಡಬಹುದಾ?

ಪಾಂಡವಪುರದ ಹುಡುಗ:
ನಮ್ಮಪ್ಪನಿಗೆ 61 ವರ್ಷ. ಶುಗರ್ ಬಂದು ಹತ್ತು ವರ್ಷದ ಮೇಲಾಯಿತು, ಬಿಪಿನೂ ಇದೆ, ಮಾತ್ರೆ ಮಾತ್ರ ಮನಸ್ಸು ಬಂದಾಗ ತಗೊಳ್ತಾರೆ. ಮೊನ್ನೆ ಮಂಡ್ಯದಲ್ಲಿ ರಕ್ತ ಕೊಟ್ಟು ಬಂದೆವು, ಕ್ರಿಯಾಟಿನಿನ್ 1.9 ಬಂತು. ಡಾಕ್ಟ್ರು ಕಿಡ್ನಿ ಸ್ವಲ್ಪ ವೀಕ್ ಆಗಿದೆ, ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ ಅಂದರು. ಅಪ್ಪ ನಂಬೋದೇ ಇಲ್ಲ. 'ಮೂತ್ರ ಚೆನ್ನಾಗೇ ಹೋಗ್ತಿದೆ, ದಿನಾ ಗದ್ದೆಗೆ ಹೋಗಿ ಬರ್ತೀನಿ, ನಂಗೇನಾಗಿದೆ' ಅಂತಾರೆ. ಮಂಡಿ ನೋವಿಗೆ ಮೆಡಿಕಲ್ ಸ್ಟೋರಲ್ಲಿ ಕೇಳಿ ಮಾತ್ರೆ ತಂದು ನುಂಗ್ತಾರೆ. ನೆಂಟರೆಲ್ಲ ದಿನಾ ಎಳನೀರು, ಬಾಳೆದಿಂಡಿನ ರಸ ಕೊಡು, ಕಿಡ್ನಿ ಕ್ಲೀನ್ ಆಗುತ್ತೆ ಅಂತ ಒಂದೇ ಸಮ. ಮದ್ದೂರು ಪಕ್ಕದಲ್ಲೇ ಇರುವಾಗ ಎಳನೀರಿಗೇನು ಬರ? ಆದರೆ ಕೊಡಬಹುದಾ? ಡಯಾಲಿಸಿಸ್ ಆಗಲೇಬೇಕಾ?

ಲ್ಯಾಬ್ ಅಕ್ಕ, ಮೈಸೂರು:
ಡಯಾಲಿಸಿಸ್ ಯೋಚನೆ ಸದ್ಯಕ್ಕೆ ಪಕ್ಕಕ್ಕಿಡಿ ತಮ್ಮಾ. ಕ್ರಿಯಾಟಿನಿನ್ ಅಂದರೆ ಕಿಡ್ನಿ ಹೊರಗೆ ಹಾಕಬೇಕಾದ ಕಸ, ರಕ್ತದಲ್ಲಿ ಏರಿದರೆ ಕಿಡ್ನಿ ಸೋತಿದೆ ಅಂತ. ಆದರೆ ಅದೊಂದನ್ನೇ ನೋಡಿದರೆ ಸಾಲದು. ಅದನ್ನು ವಯಸ್ಸು, ಗಂಡೋ ಹೆಣ್ಣೋ ಅನ್ನೋದರ ಜೊತೆ ಲೆಕ್ಕಕ್ಕೆ ಹಾಕಿ ಇಜಿಎಫ್‌ಆರ್, ಅಂದರೆ ಕಿಡ್ನಿ ಎಷ್ಟು ಸೋಸ್ತಿದೆ ಅನ್ನೋ ಅಂದಾಜು, ತೆಗೀತಾರೆ. ನಿಮ್ಮಪ್ಪನಿಗೆ ಅದು ಸುಮಾರು 40 ಬರುತ್ತೆ. 30ರಿಂದ 44ರೊಳಗಿದ್ದರೆ 3ಬಿ ಹಂತ ಅಂತಾರೆ. ಅದೇ 1.9 ಎಪ್ಪತ್ತು ವರ್ಷದ ಹೆಂಗಸಿಗೆ ಬಂದಿದ್ದರೆ ಇಜಿಎಫ್‌ಆರ್ 28ರ ಆಸುಪಾಸು, ಆಗ ನಾಲ್ಕನೇ ಹಂತ. 15ಕ್ಕಿಂತ ಕೆಳಗೆ ಹೋದರೆ ಐದನೇದು, ಅದೇ ಕೊನೇ ಹಂತ. ಅಲ್ಲೂ ಎಲ್ಲರಿಗೂ ತಕ್ಷಣ ಡಯಾಲಿಸಿಸ್ ಹಾಕಲ್ಲ, ಸುಸ್ತು, ವಾಂತಿ, ಊತ, ಪೊಟ್ಯಾಸಿಯಂ ಎಲ್ಲ ನೋಡಿ ತೀರ್ಮಾನ ಮಾಡ್ತಾರೆ.

ಮೂರು ತಿಂಗಳು ಬಿಟ್ಟು ನೋಡೋಣ ಅಂದಿದ್ದು ಸರಿಯಾಗೇ ಇದೆ. ಮೂರು ತಿಂಗಳಾದರೂ ಹಾಗೇ ಇದ್ದರೆ ಮಾತ್ರ ಅದನ್ನು ದೀರ್ಘಕಾಲದ ಕಿಡ್ನಿ ಕಾಯಿಲೆ ಅನ್ನೋದು. ಆದರೆ ಅಲ್ಲಿವರೆಗೂ ಕಾಯದೆ ಮೂತ್ರದ ಎಸಿಆರ್ ಪರೀಕ್ಷೆ, ಜೊತೆಗೆ ಪೊಟ್ಯಾಸಿಯಂ ಮಾಡಿಸಿ. ಮೂತ್ರದಲ್ಲಿ ಆಲ್ಬುಮಿನ್ ಅನ್ನೋ ಪ್ರೋಟೀನ್ ಸೋರ್ತಿದೆಯಾ ಅಂತ ಎಸಿಆರ್ ಹೇಳುತ್ತೆ. 30ರ ಒಳಗಿದ್ದರೆ ನಿರಾಳ, 300 ದಾಟಿದರೆ ಕಿಡ್ನಿ ಬೇಗ ಕೆಡುವ ಸಾಧ್ಯತೆ ಜಾಸ್ತಿ. ಮೂತ್ರ ಚೆನ್ನಾಗಿ ಹೋಗ್ತಿದೆ ಅನ್ನೋದನ್ನ ನಂಬಬೇಡಿ. ಕಿಡ್ನಿ ಅರ್ಧಕ್ಕರ್ಧ ಕೆಟ್ಟಿದ್ದರೂ ಮೂತ್ರ ಹೋಗ್ತಾನೇ ಇರುತ್ತೆ.

ಆ ಮಂಡಿ ನೋವಿನ ಮಾತ್ರೆ ಇವತ್ತೇ ನಿಲ್ಲಿಸಿ. ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೇನ್, ಇವು ಕಿಡ್ನಿಗೆ ಹೋಗುವ ರಕ್ತವನ್ನೇ ಕಮ್ಮಿ ಮಾಡ್ತವೆ. ನೋವು ತಡೆಯೋಕಾಗಲ್ಲ ಅಂದರೆ ಪ್ಯಾರಾಸಿಟಮಾಲ್ ಎಷ್ಟು ತಗೋಬಹುದು ಅಂತ ಡಾಕ್ಟ್ರನ್ನೇ ಕೇಳಿ.

ಬಸ್ಸಾರು ಪ್ರಿಯ:
ಅಮ್ಮನಿಗೆ ಇದೇ ಕಾಯಿಲೆ, ಹಾಗಾಗಿ ಊಟದ ವಿಷಯ ನಾನು ಹೇಳ್ತೀನಿ. ಪೊಟ್ಯಾಸಿಯಂ ಜಾಸ್ತಿ ಇರುವವರಿಗೆ ಸೊಪ್ಪು ತರಕಾರಿ ಬೇಯಿಸಿ ನೀರು ಬಸಿದು ಚೆಲ್ಲಿ ಅಂತ ಡಯಟಿಷಿಯನ್ ಹೇಳ್ತಾರೆ, ಯಾಕಂದರೆ ಪೊಟ್ಯಾಸಿಯಂ ನೀರಿಗೆ ಇಳಿಯುತ್ತೆ. ನಮ್ಮ ಕಡೆ ಮಾಡೋದೇನು? ಸೊಪ್ಪು ಕಾಳು ಬೇಯಿಸಿ, ಬಸಿದು, ಆ ಕಟ್ಟನ್ನೇ ಬಸ್ಸಾರು ಮಾಡಿ ಮುದ್ದೆ ಅದ್ದಿ ಹೊಡೀತೀವಿ! ಚೆಲ್ಲಬೇಕಾದ್ದು ತಟ್ಟೆಗೆ ಬರುತ್ತೆ. ಉಪ್ಸಾರಿನ ಕಥೆಯೂ ಅಷ್ಟೇ, ಮೇಲೆ ಉಪ್ಪು ಬೇರೆ. ಈಗ ಅಮ್ಮನಿಗೆ ಪಲ್ಯ ಮಾತ್ರ, ಕಟ್ಟು ನಮಗೆ. ಮೊದಮೊದಲು ಅಡುಗೆಮನೆಯಲ್ಲಿ ದೊಡ್ಡ ಜಗಳವೇ ಆಯಿತು ಬಿಡಿ. ಆದರೆ ಇದು ಪೊಟ್ಯಾಸಿಯಂ ಏರಿದವರಿಗೆ ಮಾತ್ರ, ಎಲ್ಲರೂ ಬಸ್ಸಾರು ಬಿಡಬೇಕಿಲ್ಲ.

ಉಪ್ಪು ದಿನಕ್ಕೆ ಎಲ್ಲಾ ಸೇರಿ 5 ಗ್ರಾಂ, ಅಂದರೆ ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರ ಎಲ್ಲ ಅದರೊಳಗೇ. ಅಂಗಡಿಯಲ್ಲಿ ಸಿಗುವ ಲೋ ಸೋಡಿಯಂ ಉಪ್ಪು ತರಬೇಡಿ, ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಹಾಕಿರ್ತಾರೆ. ನಕ್ಷತ್ರದ ಆಕಾರದ ಕಮರಾಕ್ಷಿ ಹಣ್ಣನ್ನಂತೂ ಬಾಯಿಗೇ ಇಡಬಾರದು, ಕಿಡ್ನಿ ಕೆಟ್ಟವರಿಗೆ ಅದು ಮೆದುಳಿಗೇ ಏರುತ್ತೆ.

ಕೆಆರ್‌ಎಸ್ ರೋಡ್:
ಎಳನೀರಿಗೆ ಯಾಕಿಷ್ಟು ಹೆದರ್ತೀರೋ ಗೊತ್ತಿಲ್ಲ. ನಮ್ಮ ತಾತ ದಿನಾ ಕುಡೀತಿದ್ದರು, ತೊಂಬತ್ತು ದಾಟಿದರು.

ಲ್ಯಾಬ್ ಅಕ್ಕ, ಮೈಸೂರು:
ನಿಮ್ಮ ತಾತನ ಕಿಡ್ನಿ ಚೆನ್ನಾಗಿತ್ತು ಸರ್, ಕುಡಿದರು. ಎಳನೀರಲ್ಲಿ ಪೊಟ್ಯಾಸಿಯಂ ಜಾಸ್ತಿ, ಹೆಚ್ಚಾದದ್ದನ್ನು ಹೊರಗೆ ಹಾಕೋದೇ ಕಿಡ್ನಿ ಕೆಲಸ. ಅದು ಸೋತಾಗ ಪೊಟ್ಯಾಸಿಯಂ ರಕ್ತದಲ್ಲೇ ಉಳಿದು ಹೃದಯದ ಬಡಿತ ಕೆಡಿಸುತ್ತೆ. ಬಾಳೆದಿಂಡಿನ ರಸವನ್ನು ಕಿಡ್ನಿ ಕಲ್ಲಿಗೆ ಅಂತ ಕುಡೀತಾರೆ. ಇದು ಕಲ್ಲಲ್ಲ, ಕಾಯಿಲೆಯೇ ಬೇರೆ.

ಪಾಂಡವಪುರದ ಹುಡುಗ:
ರಿಪೋರ್ಟ್ ಬಂತು ಅಕ್ಕ. ಪೊಟ್ಯಾಸಿಯಂ 5.4, ಎಸಿಆರ್ 420. ಡಾಕ್ಟ್ರು ಹಳೇ ಬಿಪಿ ಮಾತ್ರೆ ಬದಲಿಸಿ ಟೆಲ್ಮಿಸಾರ್ಟನ್ ಕಮ್ಮಿ ಡೋಸಲ್ಲಿ ಶುರು ಮಾಡಿ, ಒಂದು ವಾರ ಬಿಟ್ಟು ಮತ್ತೆ ರಕ್ತ ಕೊಡಿ ಅಂದಿದ್ದಾರೆ. ಎಳನೀರು ಬಂದ್. ಮುಂದಿನ ಸಲ ಡಪಾಗ್ಲಿಫ್ಲೋಜಿನ್ ಬಗ್ಗೆ ಯೋಚನೆ ಮಾಡೋಣ ಅಂದರು. ಅದು ಶುಗರ್ ಮಾತ್ರೆ ಅಲ್ವಾ?

ನೆಫ್ರೋ ವಾರ್ಡ್ ನರ್ಸ್:
ಶುಗರ್‌ಗೇ ಬಂದ ಮಾತ್ರೆ, ಆದರೆ ಶುಗರ್ ಇಲ್ಲದವರಲ್ಲೂ ಕಿಡ್ನಿ ಕೆಡುವ ವೇಗ ತಗ್ಗಿಸುತ್ತೆ ಅಂತ 2020ರಲ್ಲಿ ಬಂದ ದೊಡ್ಡ ಅಧ್ಯಯನ ತೋರಿಸಿತು. ಈಗ ಕಮ್ಮಿ ಬೆಲೆಗೂ ಸಿಗುತ್ತೆ. ಟೆಲ್ಮಿಸಾರ್ಟನ್ ಬಗ್ಗೆ ಒಂದು ಮಾತು. ಶುರು ಮಾಡಿದ ಮೇಲೆ ಕ್ರಿಯಾಟಿನಿನ್ ಸ್ವಲ್ಪ ಏರಬಹುದು. ಶೇಕಡಾ 30ರ ಒಳಗಿನ ಏರಿಕೆಯನ್ನು ಸಾಮಾನ್ಯವಾಗಿ ಒಪ್ಪಿಕೊಳ್ತಾರೆ. ಜನ 1.9 ಇದ್ದದ್ದು 2.2 ಆಯಿತು ಅಂತ ಗಾಬರಿಯಾಗಿ ತಾವೇ ಮಾತ್ರೆ ಬಿಡ್ತಾರೆ, ಹಾಗೆ ಬಿಡಬೇಡಿ. ಪೊಟ್ಯಾಸಿಯಂ 5.4, ಅಂದರೆ ಸ್ವಲ್ಪ ಜಾಸ್ತಿಯೇ ಇರೋದರಿಂದ ಆ ವಾರದ ಪರೀಕ್ಷೆಯನ್ನಂತೂ ತಪ್ಪಿಸಲೇಬೇಡಿ. ವಾಂತಿ ಭೇದಿ ಆಗಿ ಊಟ ನೀರು ಸೇರದ ದಿನ ಮಾತ್ರ ಈ ಎರಡೂ ಮಾತ್ರೆ, ಶುಗರ್‌ಗೆ ಮೆಟ್‌ಫಾರ್ಮಿನ್ ಇದ್ದರೆ ಅದನ್ನೂ ತಗೋಬೇಕಾ ಬೇಡವಾ ಅಂತ ಫೋನ್ ಮಾಡಿ ಕೇಳಿ.

ಬಿಪಿ ಹೆಚ್ಚುಕಮ್ಮಿ 130/80ರ ಒಳಗೆ ಇರಲಿ. ಮಾತ್ರೆ ಮನಸ್ಸು ಬಂದಾಗ ಅಂದಿರಲ್ಲ, ನನಗೆ ಎಸಿಆರ್‌ಗಿಂತ ಅದೇ ಚಿಂತೆ. ಡಯಾಲಿಸಿಸ್ ಬೇಡ ಅಂತಲೇ ಇದೆಲ್ಲ ಮಾಡೋದು. ಅಕಸ್ಮಾತ್ ಬಂದರೂ ಜಿಲ್ಲಾ ಆಸ್ಪತ್ರೆಯಲ್ಲಿ ಬಿಪಿಎಲ್ ಕಾರ್ಡಿನವರಿಗೆ ಉಚಿತ ಇದೆ, ಆಸ್ತಿ ಮಾರಬೇಕಾಗುತ್ತೇನೋ ಅಂತ ಅಪ್ಪ ಒಳಗೊಳಗೇ ಕೊರಗೋದು ಬೇಡ. ಇನ್ನೊಂದು, ರಕ್ತ ಕೊಡುವಾಗ ಬಲಗೈ ಕೊಡಲಿ, ಅದೂ ಅಂಗೈ ಹಿಂಭಾಗದ ನರದಿಂದ ಆದರೆ ಒಳ್ಳೇದು. ಮುಂದೆ ಫಿಸ್ಟುಲಾ, ಅಂದರೆ ಡಯಾಲಿಸಿಸ್‌ಗೆ ಅಂತ ಕೈಯಲ್ಲಿ ರಕ್ತನಾಳ ಜೋಡಿಸೋ ಆಪರೇಷನ್ ಮಾಡಬೇಕಾಗಿ ಬಂದರೆ ಎಡಗೈ ನರ ಚೆನ್ನಾಗಿರಬೇಕು. ಎಡಚರಾ?

ಪಾಂಡವಪುರದ ಹುಡುಗ:
ಅಲ್ಲ, ಬಲಗೈಯವರೇ. ಮಾತ್ರೆ ಡಬ್ಬಿ ಈಗ ಅಮ್ಮನ ಕೈಲಿದೆ, ನುಂಗೋವರೆಗೂ ಕಾಫಿ ಕೊಡಲ್ಲವಂತೆ.