ಸೋಲಾರ್: 3 ಕಿಲೋವ್ಯಾಟ್ ಸಾಕೋ, 4 ಬೇಕೋ? ವೆಂಡರ್ ಕೊಟ್ಟ ಲೆಕ್ಕ ಸರಿಯಾ?

ಮಾಳಿಗೆಮನೆ (ಹುಬ್ಬಳ್ಳಿ) ಕೇಳಿದ್ದು:

ಕೆಳಗಿನ ಮನೆಯಲ್ಲಿ ನಾವು. ತಿಂಗಳಿಗೆ ಸರಾಸರಿ 280 ಯೂನಿಟ್, ಮಂಜೂರಾದ ಲೋಡ್ 3 ಕಿಲೋವ್ಯಾಟ್, 2025-26ರ ದರದಲ್ಲಿ ಬಿಲ್ ಸುಮಾರು 2,300 ರೂ. ಮೇಲೆ ಬಾಡಿಗೆಯವರು, ಮೀಟರ್ ಬೇರೆ, 130 ಯೂನಿಟ್, ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ.

ವೆಂಡರ್ ಹೇಳಿದ ದರ: 2 ಕಿಲೋವ್ಯಾಟ್‌ಗೆ 1,40,000, 3ಕ್ಕೆ 1,95,000, 4ಕ್ಕೆ 2,45,000. ಪಿಎಂ ಸೂರ್ಯಘರ್ ಸಬ್ಸಿಡಿ ಕಳೆಯಬೇಕು. "ವರ್ಷಕ್ಕೆ 27,600 ಉಳೀತದ, ನಾಲ್ಕು ವರ್ಷಕ್ಕ ಅಸಲು ವಾಪಸ್. ಎರಡೂ ಮೀಟರ್ ಒಂದು ಮಾಡ್ಸಿ 4 ಕಿಲೋವ್ಯಾಟ್ ಹಾಕ್ಸಿಬಿಡ್ರಿ" ಅಂತಾರ. ನೀರಿನ ಟ್ಯಾಂಕ್ ನೆರಳು ಬೀಳ್ತದಂತ ಎತ್ತರದ ಸ್ಟ್ರಕ್ಚರ್‌ಗೆ ಇನ್ನೂ 15,000 ಕೇಳ್ಯಾರ. ತಿಳಿದವರು ಲೆಕ್ಕ ನೋಡಿ ಹೇಳ್ರಿ.

ಯೂನಿಟ್‌ಲೆಕ್ಕ:

27,600 ಅಂದರೆ ನಿಮ್ಮ ಪೂರ್ತಿ ಬಿಲ್ಲನ್ನು 12ರಿಂದ ಗುಣಿಸಿದ್ದು, ಅಷ್ಟೇ. ಅದರಲ್ಲಿ ನಿಗದಿತ ಶುಲ್ಕವೂ ಸೇರಿದೆ: ಕಿಲೋವ್ಯಾಟ್‌ಗೆ 145ರಂತೆ ತಿಂಗಳಿಗೆ 435, ವರ್ಷಕ್ಕೆ 5,220. ಸೋಲಾರ್ ಹಾಕಿದರೂ ಅದು ಹೋಗುವುದಿಲ್ಲ. ಒಂದು ಯೂನಿಟ್ ಉಳಿಸಿದರೆ ನಿಜಕ್ಕೂ ಉಳಿಯುವುದು 5.80 + 36 ಪೈಸೆ ಸರ್‌ಚಾರ್ಜ್ + 5.80ರ ಮೇಲೆ 9% ತೆರಿಗೆ, ಒಟ್ಟು 6.68 ರೂ.

ಉತ್ಪಾದನೆಗೆ ಕಿಲೋವ್ಯಾಟ್‌ಗೆ ವರ್ಷಕ್ಕೆ 1,400 ಯೂನಿಟ್ ಹಿಡಿಯಿರಿ. ದಿನಕ್ಕೆ 4 ಯೂನಿಟ್ ಎನ್ನುವ ರೂಢಿಯ ಲೆಕ್ಕಕ್ಕಿಂತ ಸ್ವಲ್ಪ ಬಿಗಿ. ನಿಮ್ಮ ಬಳಕೆ ವರ್ಷಕ್ಕೆ 3,360. ಅದಕ್ಕಿಂತ ಹೆಚ್ಚು ಹುಟ್ಟಿದ್ದು ಗ್ರಿಡ್‌ಗೆ (ವಿದ್ಯುತ್ ಕಂಪನಿಯ ಜಾಲಕ್ಕೆ) ಹೋಗುತ್ತದೆ, ಅದಕ್ಕೆ 6.68 ಸಿಗುವುದಿಲ್ಲ. ಕಂಪನಿ ಜೊತೆಗಿನ ಒಪ್ಪಂದದಲ್ಲಿರುವ ದರವನ್ನೇ ಹಾಕಿಕೊಳ್ಳಿ. ಇಲ್ಲಿ ಲೆಕ್ಕಕ್ಕೆ 2.50 ಇಟ್ಟಿದ್ದೇನೆ.

ಈಗ ಒಟ್ಟು ಮೊತ್ತ ನೋಡಬೇಡಿ, ಒಂದೊಂದೇ ಕಿಲೋವ್ಯಾಟ್ ಬಿಡಿಸಿ ನೋಡಿ. ಸಬ್ಸಿಡಿ ಮೊದಲೆರಡಕ್ಕೆ 30,000ದಂತೆ, ಮೂರನೆಯದಕ್ಕೆ 18,000, ಆಮೇಲೆ ಏನೂ ಇಲ್ಲ.

ಮೊದಲ ಎರಡು: ಕೈಯಿಂದ 80,000. 2,800 ಯೂನಿಟ್ ಪೂರ್ತಿ ಮನೆಗೇ, ವರ್ಷಕ್ಕೆ 18,704 ರೂ. ಅಸಲು ವಾಪಸ್ ಬರಲು 4.3 ವರ್ಷ.

ಮೂರನೆಯದು: ಹೆಚ್ಚುವರಿ 37,000. 560 ಯೂನಿಟ್ ಮನೆಗೆ, 840 ಗ್ರಿಡ್‌ಗೆ: 3,741 + 2,100 = 5,841. 6.3 ವರ್ಷ.

ನಾಲ್ಕನೆಯದು: ಹೆಚ್ಚುವರಿ 50,000. 1,400 ಯೂನಿಟ್ಟೂ ಗ್ರಿಡ್‌ಗೆ, 3,500 ರೂ. 14.3 ವರ್ಷ.

ಇದನ್ನು 7% ಬಡ್ಡಿಯ ಎಫ್‌ಡಿ ಜೊತೆ ತೂಗಬೇಕಾದರೆ, ವರ್ಷಕ್ಕೆ 0.6% ಉತ್ಪಾದನೆ ಇಳಿಯುತ್ತದೆ ಎಂದಿಟ್ಟುಕೊಂಡು 20 ವರ್ಷದ ಆದಾಯದ ಇಂದಿನ ಬೆಲೆ ತೆಗೆಯಿರಿ, ಅಂದರೆ ಅಷ್ಟೇ ಹಣ ಮುಂದೆ ಬರಬೇಕಾದರೆ ಇಂದು ಎಫ್‌ಡಿಯಲ್ಲಿ ಎಷ್ಟು ಇಡಬೇಕು ಎಂಬುದು. ಮೊದಲ ವರ್ಷದ ಉಳಿತಾಯವನ್ನು 10.14ರಿಂದ ಗುಣಿಸಿದರೆ ಸಾಕು. ಮೂರನೆಯದು: 59,200, ಹಾಕಿದ್ದು 37,000. ಲಾಭ. ನಾಲ್ಕನೆಯದು: 35,500, ಹಾಕಿದ್ದು 50,000. ಎಫ್‌ಡಿಯೇ ವಾಸಿ.

ಒಟ್ಟಾರೆ 3 ಕಿಲೋವ್ಯಾಟ್‌ಗೆ 24,545 × 10.14 = 2,48,900. ತೊಳೆಯುವ ಖರ್ಚು ವರ್ಷಕ್ಕೆ 1,500 (ಇಂದಿನ ಬೆಲೆ 15,900), 12ನೇ ವರ್ಷಕ್ಕೆ ಇನ್ವರ್ಟರ್ ಬದಲಿಸಲು 30,000 (ಇಂದಿನ ಬೆಲೆ 13,300) ಕಳೆಯಿರಿ. ಅಸಲು 1,17,000 ಕಳೆದ ಮೇಲೂ ಲಕ್ಷದಷ್ಟು ಉಳಿಯುತ್ತದೆ. ವಿದ್ಯುತ್ ದರ ಏರುತ್ತದೆ ಅಂತ ನಾನು ಬೇಕೆಂದೇ ಹಿಡಿದಿಲ್ಲ. ವರ್ಷಕ್ಕೆ 6% ಏರಿಕೆ ಸೇರಿಸಿದ ವೆಂಡರ್ ಹಾಳೆಯಲ್ಲಿ ಯಾವ ಸೈಜೂ ಚೆಂದವೇ ಕಾಣುತ್ತದೆ.

ಬಿಸಿಲುಕೋಲು:

ಮೇಲಿನ ಲೆಕ್ಕಕ್ಕೆ ಒಂದು ತಿದ್ದುಪಡಿ. ಬಿಲ್ ತಿಂಗಳಿಗೊಮ್ಮೆ ಚುಕ್ತಾ ಆಗುವುದಾದರೆ ವರ್ಷದ ಮೊತ್ತದಿಂದ ವರ್ಷದ ಬಳಕೆ ಕಳೆಯುವಂತಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಮೋಡದಲ್ಲಿ 3 ಕಿಲೋವ್ಯಾಟ್ ಕೂಡ 280 ಮುಟ್ಟದಿರಬಹುದು. ನಾಲ್ಕು ತಿಂಗಳು 40 ಯೂನಿಟ್‌ನಂತೆ ಕಡಿಮೆ ಬಿದ್ದರೆ 160 ಯೂನಿಟ್ 6.68ಕ್ಕೆ ಕೊಂಡು, ಬೇಸಿಗೆಯಲ್ಲಿ ಅಷ್ಟನ್ನೇ 2.50ಕ್ಕೆ ಮಾರಿದಂತೆ. ವರ್ಷಕ್ಕೆ 670 ರೂ. ಖೋತಾ. ತೀರ್ಮಾನ ಬದಲಾಗುವುದಿಲ್ಲ.

ಟ್ಯಾಂಕ್ ವಿಷಯ. ಪ್ಯಾನಲ್ ಮಟ್ಟದಿಂದ 2 ಮೀಟರ್ ಎತ್ತರವಿದೆ ಅಂದುಕೊಳ್ಳಿ. ಹುಬ್ಬಳ್ಳಿ 15.4 ಡಿಗ್ರಿ ಅಕ್ಷಾಂಶದಲ್ಲಿದೆ, ಡಿಸೆಂಬರ್ ಕೊನೆಗೆ ನಡುಹಗಲ ಸೂರ್ಯ 51 ಡಿಗ್ರಿ ಮೇಲೆ. ನೆರಳು ಉತ್ತರಕ್ಕೆ 1.6 ಮೀಟರ್. ಅದಕ್ಕೆ ಮೂರು ಗಂಟೆ ಮೊದಲು ಸೂರ್ಯ 31 ಡಿಗ್ರಿಯಲ್ಲಿ, ನೆರಳು ವಾಯವ್ಯಕ್ಕೆ 3.3 ಮೀಟರ್ ಚಾಚುತ್ತದೆ. ಆದ್ದರಿಂದ ಟ್ಯಾಂಕಿನ ದಕ್ಷಿಣಕ್ಕೆ ಜಾಗ ಇದ್ದರೆ ಅಲ್ಲೇ ಕೂರಿಸಿ, 15,000 ಪ್ರಶ್ನೆಯೇ ಇಲ್ಲ.

ಜಾಗ ಇಲ್ಲದಿದ್ದರೂ ಲೆಕ್ಕ ಹಾಕಿ. 540 ವ್ಯಾಟ್‌ನ ಆರು ಪ್ಯಾನಲ್‌ಗಳಲ್ಲಿ ಒಂದಕ್ಕೆ ಬೆಳಗಿನ ಹೊತ್ತು ನೆರಳು ಬಿದ್ದು 3% ಹೋಯಿತು ಎನ್ನಿ: 126 ಯೂನಿಟ್. ನಿಮ್ಮಲ್ಲಿ ಹೆಚ್ಚುವರಿ ಇರುವುದರಿಂದ ಕಳೆದುಕೊಳ್ಳುವುದು ಬಹುಪಾಲು 2.50ರ ಯೂನಿಟ್, 6.68ರದ್ದಲ್ಲ. ವರ್ಷಕ್ಕೆ 315 ರೂ., 20 ವರ್ಷಕ್ಕೆ ಇಂದಿನ ಬೆಲೆ 3,200. ಅದಕ್ಕೆ 15,000 ಯಾಕೆ? ಮಾಳಿಗೆ ಮೇಲೆ ಹಪ್ಪಳ ಸಂಡಿಗೆ ಒಣಹಾಕಲು ಜಾಗ ಬೇಕೆಂದು ಎತ್ತರಿಸುವುದಾದರೆ ಅದು ಬೇರೆ ಮಾತು. ಆದರೆ ಮಧ್ಯಾಹ್ನದ ನೆರಳು ಎರಡು ಮೂರು ಪ್ಯಾನಲ್‌ಗೆ ಬೀಳುವಂತಿದ್ದರೆ ಈ 3% ಹಿಡಿಯಬೇಡಿ.

ಬೋರ್‌ವೆಲ್ ಗಡಸು ನೀರಲ್ಲಿ ತೊಳೆದು ಬಿಸಿಲಿಗೆ ಒಣಗಲು ಬಿಟ್ಟರೆ ಗಾಜಿನ ಮೇಲೆ ಬಿಳಿ ಪದರ ಕಟ್ಟುತ್ತದೆ, ಆಮೇಲೆ ಉಜ್ಜಿದರೂ ಬಿಡದು. ಬೆಳಿಗ್ಗೆ ಬೇಗ, ನಲ್ಲಿ ನೀರಲ್ಲಿ ತೊಳೆಯಿರಿ.

ಮಾಳಿಗೆಮನೆ:

ಟ್ಯಾಂಕಿನ ದಕ್ಷಿಣಕ್ಕ ಜಾಗ ಐತ್ರಿ. ಹಂಗಾದ್ರ ಮೀಟರ್ ಒಂದು ಮಾಡಿಸಿದ್ರ ನಾಲ್ಕನೇದಕ್ಕೂ ಬಳಕೆ ಸಿಗ್ತದಲ್ರೀ?

ಯೂನಿಟ್‌ಲೆಕ್ಕ:

ಸಿಗುತ್ತದೆ, ಆದರೆ ಈಗ ಪುಕ್ಕಟೆ ಇರುವ 1,560 ಯೂನಿಟ್‌ಗೆ 6.68 ಬೆಲೆ ನೀವೇ ತಂದುಕೊಂಡಂತೆ: ವರ್ಷಕ್ಕೆ 10,420 ರೂ. ಸೇರಿಸಿದ ಮೀಟರ್ 410 ಯೂನಿಟ್ ತೋರಿಸುತ್ತದೆ, 200 ದಾಟಿದರೆ ಗೃಹಜ್ಯೋತಿಯಲ್ಲಿ ಪೂರ್ತಿ ಬಿಲ್ ಕಟ್ಟಬೇಕು. ಅತ್ತ ನಾಲ್ಕನೇ ಕಿಲೋವ್ಯಾಟ್‌ಗೆ 50,000 ಹಾಕಿ ಅದೇ ಖರ್ಚನ್ನು ತುಂಬಿಸಲು ಹೊರಟಂತಾಗುತ್ತದೆ. ಮೇಲಿನ ಮೀಟರ್ ಮುಟ್ಟಬೇಡಿ, ಕೆಳಗಿನ ಮನೆಯ ಆರ್‌ಆರ್ ಸಂಖ್ಯೆಗೆ (ಬಿಲ್‌ನಲ್ಲಿರುವ ಸಂಪರ್ಕ ಸಂಖ್ಯೆ) ಮಾತ್ರ 3 ಕಿಲೋವ್ಯಾಟ್ ಅರ್ಜಿ ಹಾಕಿ. ಪ್ಯಾನಲ್ ದೇಶೀ ಸೆಲ್‌ನ ಡಿಸಿಆರ್ ಅಂತ ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ, ಇಲ್ಲದಿದ್ದರೆ ಸಬ್ಸಿಡಿ ಬರುವುದಿಲ್ಲ, ಮೇಲಿನ ಲೆಕ್ಕ ಅಷ್ಟೂ 78,000ದಷ್ಟು ಅತ್ತಿತ್ತ ಆಗುತ್ತದೆ.