ಸಹಾಯ ಬೇಕು: ಡಯಾಲಿಸಿಸ್‌ನಲ್ಲಿರುವ ಅಪ್ಪ ಮಾತೇ ಬಿಟ್ಟಿದ್ದಾರೆ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 58 ವರ್ಷ. ಎರಡೂ ಕಿಡ್ನಿ ಫೇಲ್ ಆಗಿ ಒಂದೂವರೆ ವರ್ಷದಿಂದ ಡಯಾಲಿಸಿಸ್ ನಡೆಯುತ್ತಿದೆ. ವಾರಕ್ಕೆ 3 ದಿನ, ಒಂದೊಂದು ಸಲ 4 ಗಂಟೆ.

ದೇಹ ಹೇಗೋ ತಡೆದುಕೊಂಡಿದೆ, ಮನಸ್ಸು ಕುಸಿದಿದೆ. ನೀರು ಅಳತೆಯಲ್ಲೇ ಕುಡಿಯಬೇಕು. ಬೆಳಗ್ಗೆ ನಾನು ತುಂಬಿಟ್ಟ ಬಾಟಲಿಯನ್ನೇ ನೋಡುತ್ತಾ ಕೂರುತ್ತಾರೆ. ಕೈಯಲ್ಲಿ ಫಿಸ್ಟುಲಾ (ಡಯಾಲಿಸಿಸ್ ಸೂಜಿಗಾಗಿ ಎರಡು ರಕ್ತನಾಳ ಸೇರಿಸುವುದು) ಮಾಡಿದ ಜಾಗ ಸದಾ ಜುಂ ಅನ್ನುತ್ತದೆ ಅಲ್ವಾ, ರಾತ್ರಿ ಅದು ಕೇಳಿಸಬಾರದು ಅಂತ ಕೈಯನ್ನು ದಿಂಬಿನಿಂದ ದೂರ ಚಾಚಿ ಮಲಗುತ್ತಾರೆ. ಆದರೂ ನಿದ್ದೆಯಿಲ್ಲ. ಹೋದ ವಾರ "ಡಯಾಲಿಸಿಸ್ ಇನ್ನು ಸಾಕು ಬಿಡು ಮಗಾ, ನಿಮಗೆಲ್ಲ ಭಾರ ಆಗಿದ್ದೇನೆ" ಅಂದರು. ಅವತ್ತಿನಿಂದ ನನಗೆ ಕೈಕಾಲೇ ಆಡುತ್ತಿಲ್ಲ.

ಕಿಡ್ನಿ ಡಾಕ್ಟರಿಗೆ ಹೇಳಿದೆ. ರಕ್ತ ಕಡಿಮೆ ಇದೆ, ಸುಸ್ತು ಸಹಜ ಅಂತ ಇಂಜೆಕ್ಷನ್ ಕೊಟ್ಟರು. ಸುಸ್ತು ಸ್ವಲ್ಪ ಇಳಿಯಿತು, ಮಾತು ಮರಳಲಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಸಮಾಧಾನವಾಗಿ ಕೇಳಿಸಿಕೊಂಡು, ಮನೋವೈದ್ಯರಿಗೆ ತೋರಿಸಿ ಅಂದರು. ಅಪ್ಪನದು "ನನಗೇನು ಹುಚ್ಚಾ?" ಅಂತ ಹಠ.

ನನ್ನ ಗೊಂದಲ ಇಷ್ಟೇ. ಕಿಡ್ನಿ ಹೋದವರಿಗೆ ಕೆಲವು ಮಾತ್ರೆಗಳ ಡೋಸ್ ಇಳಿಸಬೇಕು, ಕೆಲವು ಕೊಡಲೇಬಾರದು. ಹಾಗಾದರೆ ಮನಸ್ಸಿನ ಮಾತ್ರೆಯನ್ನು ಮನೋವೈದ್ಯರೊಬ್ಬರೇ ಬರೆದರೆ ಸಾಕಾ, ಇಲ್ಲ ಕಿಡ್ನಿ ಡಾಕ್ಟರನ್ನೂ ಕೇಳಲೇಬೇಕಾ?

ಮನೆಯಲ್ಲಿ ಇದನ್ನು ಕಂಡವರು ದಯವಿಟ್ಟು ಹೇಳಿ: ಇಬ್ಬರು ಡಾಕ್ಟರನ್ನೂ ಹೇಗೆ ಸೇರಿಸಿದಿರಿ? ನಿಮ್ಮವರನ್ನು ಮೊದಲ ಸಲ ಏನು ಹೇಳಿ ಒಪ್ಪಿಸಿದಿರಿ?